ಸುಂದರಿಯ ಬೆನ್ನಿಗೆ ಸೀಮೆಸುಣ್ಣ

ಆಸ್ಪತ್ರೆಯ ಬಟ್ಟೆ ಒಗೆಯುವ ಕಟ್ಟಡದಲ್ಲಿ, ಇಸ್ತ್ರಿ ಕೋಣೆಯೊಳಗೆ ನಾವು ಮೂವರು ಹದಿನಾಲ್ಕು ವರ್ಷ ಜೊತೆಗಿದ್ದೆವು. ನಾನು, ಕನ್ನಡಕದಕ್ಕ, ಮತ್ತೆ ಸುಂದರಿ. ಆ ಹೆಸರು ಇಟ್ಟುಕೊಂಡವಳು ಅವಳೇ.

ಬೆಳಿಗ್ಗೆ ಬಂದವಳೇ ಕಿಟಕಿ ಗಾಜಿನಲ್ಲಿ ಮುಖ ನೋಡಿಕೊಂಡು, "ಅಲ್ಲ ಕಣ್ರೇ, ಇಂಥ ಮುಖ ಇಟ್ಕೊಂಡು ದುಪ್ಪಟಿ ಇಸ್ತ್ರಿ ಮಾಡ್ತಾ ನಿಂತಿದೀನಲ್ಲ, ಅನ್ಯಾಯ ಅಲ್ವಾ?" ಅನ್ನುವಳು.

"ಅನ್ಯಾಯ ಗಾಜಿಗೆ ಕಣೇ. ದಿನಾ ಸಹಿಸ್ಕೋಬೇಕು," ಅನ್ನುವಳು ಕನ್ನಡಕದಕ್ಕ.

ಒಬ್ಬರು ಇಸ್ತ್ರಿ ಮಾಡಿದ್ದನ್ನು ಇನ್ನೊಬ್ಬರು ದೀಪಕ್ಕೆ ಹಿಡಿದು ನೋಡುವುದು ನಮ್ಮಲ್ಲಿ ಪದ್ಧತಿ. ಕಲೆ ಕಂಡರೆ ಸೀಮೆಸುಣ್ಣದಲ್ಲಿ ಸುತ್ತು ಹಾಕಿ ಒಗೆಯಲು ವಾಪಸ್. ಸುಂದರಿ ಜಂಬ ಕೊಚ್ಚಿಕೊಂಡಾಗಲೆಲ್ಲ ಅವಳ ಬೆನ್ನಿಗೂ ಒಂದು ಸುತ್ತು ಹಾಕಿ "ವಾಪಸ್" ಅನ್ನುತ್ತಿದ್ದೆವು. ಸಂಜೆ ಬೆನ್ನು ತುಂಬ ಬಿಳಿ ಸುತ್ತು ಹೊತ್ತುಕೊಂಡೇ ಮನೆಗೆ ಹೋಗುವಳು. "ಹೊಟ್ಟೆಕಿಚ್ಚಿಗೆ ಔಷಧಿ ಇಲ್ಲ," ಅಂತ ನಗುವಳು.

ಒಂದು ದಿನ ಸೆಕೆ ತಾಳದೆ ಕೂದಲನ್ನು ಎತ್ತಿ ಕಟ್ಟಿದಳು. ಕತ್ತಿನ ಹಿಂದೆ, ಕೂದಲಿನ ಅಂಚಿನಲ್ಲಿ ಕಪ್ಪು ಮಚ್ಚೆ. ಅಂಚು ಹರಿದ ಹಾಗೆ, ನಡುವೆ ಒದ್ದೆ. ನನ್ನ ಕೈಯಲ್ಲಿ ಸೀಮೆಸುಣ್ಣವಿತ್ತು.

"ಇಲ್ಲೇನೋ ಇದೆ ಕಣೇ," ಅಂದೆ.

"ಸುತ್ತು ಹಾಕಿ ವಾಪಸ್ ಕಳಿಸು."

"ತಮಾಷೆ ಅಲ್ಲ. ಡಾಕ್ಟರಿಗೆ ತೋರಿಸು."

"ಡಾಕ್ಟರು ಮರುಳಾಗಿ ಹಿಂದೆ ಬಿದ್ರೆ ನನ್ನ ಗಂಡನಿಗೆ ನೀನೇ ಉತ್ತರ ಹೇಳು."

ಕನ್ನಡಕದಕ್ಕ ಬಿದ್ದು ಬಿದ್ದು ನಕ್ಕಳು. ನಾನೂ ನಕ್ಕೆ. ಮತ್ತೆ ಆ ಮಾತು ಎತ್ತಲಿಲ್ಲ. ಎತ್ತಿದರೆ ಹೊಟ್ಟೆಕಿಚ್ಚು ಅಂದಾಳು ಅನ್ನಿಸಿತು. ಸ್ವಲ್ಪ ಇತ್ತು ಕೂಡ, ಸುಳ್ಳು ಯಾಕೆ ಹೇಳಲಿ. ಕೂದಲು ಇಳಿಬಿಟ್ಟಳು, ಮಚ್ಚೆ ಮುಚ್ಚಿಹೋಯಿತು.

ಎಂಟು ತಿಂಗಳಿಗೆ ಅವಳು ನಮ್ಮದೇ ಆಸ್ಪತ್ರೆಯ ವಾರ್ಡಿನಲ್ಲಿ, ನಾವು ಇಸ್ತ್ರಿ ಮಾಡಿದ ದುಪ್ಪಟಿಯ ಮೇಲೆ ಮಲಗಿದ್ದಳು. ಆ ಮಚ್ಚೆ ಕ್ಯಾನ್ಸರ್ ಅಂತೆ. ಕತ್ತಿನ ಪಕ್ಕ ಗಂಟುಗಳು, ಗುಳಿಬಿದ್ದ ಕಣ್ಣು.

"ಹೇಗಿದೀನಿ?" ಅಂದಳು.

"ಚೆನ್ನಾಗಿದೀಯ ಕಣೇ," ಅಂದಳು ಕನ್ನಡಕದಕ್ಕ.

"ಅಕ್ಕನೇ ಹೊಗಳಿದ ಮೇಲೆ ನನ್ನ ಕತೆ ಮುಗೀತು ಬಿಡಿ." ಆಮೇಲೆ ನನ್ನ ಕಡೆ ನೋಡಿದಳು. "ಅವತ್ತು ನೀನು ನಿಜವಾಗ್ಲೂ ಹೇಳಿದ್ದೆ, ಅಲ್ವಾ?"

"ಹೂಂ."

"ಇನ್ನೊಂದ್ಸಲ ಹೇಳಬಾರದಿತ್ತಾ?"

ನಾನು ದುಪ್ಪಟಿಯ ಸುಕ್ಕು ನೀವಿದೆ. ಅವಳು ಗೋಡೆ ಕಡೆ ತಿರುಗಿದಳು.

ಆ ವಾರವೇ ಹೋದಳು. ಅವಳು ಮಲಗಿದ್ದ ದುಪ್ಪಟಿ ನಮ್ಮ ಕೋಣೆಗೇ ಬಂದಿರಬೇಕು. ಯಾವುದೆಂದು ಗೊತ್ತಾಗಲಿಲ್ಲ. ಅವತ್ತು ಒಂದೊಂದನ್ನೂ ಎರಡೆರಡು ಸಲ ದೀಪಕ್ಕೆ ಹಿಡಿದೆ.