ಏಳು ತಟ್ಟೆ ಮಣ್ಣು

ಸೊಸೆ ಅಡುಗೆಮನೆಯ ಮಣ್ಣುಗೋಡೆಯನ್ನು ಕೆರೆದು ಕೆರೆದು ಎಷ್ಟು ತಿಂದಿದ್ದಳೆಂದರೆ, ಮುತ್ಯಾಲಮ್ಮ ಮುದ್ದೆ ತಿರುವುತ್ತಲೇ ಆ ತೂತಿನಲ್ಲಿ ಪಕ್ಕದ ಮನೆಯ ಟಿವಿ ನೋಡುತ್ತಿದ್ದಳು. ಬೇಡವೆನ್ನಲು ಬಾಯಿ ಬರಲಿಲ್ಲ. ಬಸುರಿಯ ಬಯಕೆ ತೀರಿಸದಿದ್ದರೆ ಹುಟ್ಟುವ ಮಗುವಿನ ಕಿವಿ ಸೋರುತ್ತದೆ. ಮಾರಂಡಹಳ್ಳಿ ಕಡೆ ಇದು ಯಾರಿಗೆ ಗೊತ್ತಿಲ್ಲ? ತನ್ನ ಬಸುರಿನಲ್ಲಿ ಅವಳೂ ಒಲೆಯ ಅಂಚು ತಿಂದವಳೇ.

ಹಾಗಾಗಿ ಸೊಸೆ ಗಂಗಾಲಕ್ಷ್ಮಿಗೆ ಏಳನೇ ತಿಂಗಳಲ್ಲಿ ಬಳೆ ತೊಡಿಸುವ ದಿನ, ನೆಂಟರು ಏಳು ಬಗೆ ಅನ್ನದ ಬದಲು ಏಳು ಊರಿನ ಮಣ್ಣು ತಂದರು.

"ನಮ್ಮೂರ ಉತ್ತದ ಮಣ್ಣು ತಿನ್ನವ್ವಾ, ಗೆದ್ಲು ಕಡೆದ ಬೆಣ್ಣೆ ಇದ್ದಂಗೈತೆ."

"ಓಗಮ್ಮೀ! ಕಾರಿಮಂಗಲದ ಕೆರೆಮಣ್ಣಿನ ಮುಂದೆ ಅದ್ಯಾವ ಲೆಕ್ಕ?"

ಒಬ್ಬಳು ನಂಚಿಕೊಳ್ಳಲು ಉಪ್ಪಿನಕಾಯಿಯನ್ನೂ ತಂದಿದ್ದಳು.

ಮೂರನೇ ತಟ್ಟೆಗೆ ಕೈ ಚಾಚಿದ ಗಂಗಾಲಕ್ಷ್ಮಿ ಕಣ್ಣು ಕತ್ತಲಿಟ್ಟು ಹಾಗೇ ಉರುಳಿದಳು. ಬಳೆ ತೊಡಿಸಲು ಬಂದಿದ್ದ ನರ್ಸ್ ಪೂಂಗೊಡಿ ಓಡಿಬಂದು, ಚೀಲದಿಂದ ಸೂಜಿ ತೆಗೆದು ಅವಳ ಬೆರಳು ಚುಚ್ಚಿ ರಕ್ತ ಪರೀಕ್ಷಿಸಿದಳು.

"ಅಯ್ಯಯ್ಯೋ, ಹನ್ನೊಂದಿರ್ಬೇಕಾದ ರಕ್ತ ಆರೇ ಐತೆ! ರಕ್ತ ಕಮ್ಮಿಯಾದ್ರೆ ಮಣ್ಣಿನಾಸೆ, ಮಣ್ಣು ತಿಂದ್ರೆ ಇನ್ನೂ ಕಮ್ಮಿ. ರಕ್ತಕ್ಕಂತ ನಾ ಕೊಟ್ಟ ಮಾತ್ರೆ ಎಲ್ಲೈತಕ್ಕಾ?" ಎಂದು ಮುತ್ಯಾಲಮ್ಮನನ್ನು ಕೇಳಿದಳು.

"ಅದು ತಿಂದ್ರೆ ಮಗ ಕರ್ರಗಾಗ್ತದಂತೆ. ಎಮ್ಮೆಗಾಕ್ದೆ."

"ಎಮ್ಮೆ ಕರ್ರಗಾದ್ರೆ ಪರವಾಗಿಲ್ವಾ?"

"ಲೇ, ನಗ್ಬೇಡ! ಬಯಕೆ ತೀರಿಸ್ದಿದ್ರೆ ಕಿವಿ ಸೋರ್ತದೆ, ಗೊತ್ತಾ?"

"ತಾಯೂ ಮಗೂನೂ ಉಳೀದಿದ್ರೆ ಯಾರ ಕಿವಿ ಸೋರ್ತದಕ್ಕಾ? ಸೀಕ್ರಂ, ಬೇಗ ಆಂಬುಲೆನ್ಸಿಗೆ ಫೋನ್ ಮಾಡಿ!"

ಮುತ್ಯಾಲಮ್ಮನೇ ಫೋನಿಗೆ ಓಡಿದಳು.

ಧರ್ಮಪುರಿ ಆಸ್ಪತ್ರೆಯಲ್ಲಿ ರಕ್ತ ಕೊಟ್ಟರು. ಎಂಟು ದಿನಕ್ಕೆ ಗಂಗಾಲಕ್ಷ್ಮಿ ಮನೆಗೆ ಬಂದಳು. ಹೊಟ್ಟೆಯೊಳಗಿನ ಕೂಸು ಒದೆಯುತ್ತಿತ್ತು. ಮುತ್ಯಾಲಮ್ಮ ದಿನಾ ಎದುರಿಗೆ ಕೂತು ಅವಳಿಗೆ ಮಾತ್ರೆ ನುಂಗಿಸಿದಳು. ಎಮ್ಮೆ ಕತ್ತು ಚಾಚಿದರೆ ಒಂದೇಟು ಬಿಗಿದಳು.

ಆಮೇಲೆ ಏಳು ತಟ್ಟೆಯಲ್ಲೂ ಉಳಿದಿದ್ದ ಮಣ್ಣನ್ನು ಒಟ್ಟಿಗೆ ಕಲಸಿ ಗೋಡೆಯ ತೂತು ಮುಚ್ಚಲು ಕೂತಳು. ಟಿವಿಯಲ್ಲಿ ಅತ್ತೆ ಸೊಸೆಗೆ ವಿಷ ಹಾಕುತ್ತಿದ್ದಳು. "ಥೂ ನಿನ್ನ!" ಎಂದು ಬೈದು, ಅವಳ ಮುಖಕ್ಕೇ ಮೆತ್ತಿದಂತೆ ಕೊನೆಯ ಮುದ್ದೆಯನ್ನು ಮೆತ್ತಿದಳು.

ಹಸಿಮಣ್ಣಿನ ವಾಸನೆ ಘಮ್ಮೆಂದು ಮೂಗಿಗೆ ಹೊಡೆಯಿತು. ಬಾಯಲ್ಲಿ ನೀರೂರಿತು. ಅತ್ತಿತ್ತ ನೋಡಿ ಬೆರಳು ಚೀಪಿದಳು. ಏಳರ ನಡುವೆಯೂ ಕೆರೆಮಣ್ಣೇ ರುಚಿ, ಅನುಮಾನವಿಲ್ಲ.

ಇನ್ನೊಮ್ಮೆ ಹಸಿಗೋಡೆಗೆ ಬೆರಳು ಒತ್ತಲು ಹೋದವಳು ತನ್ನ ಉಗುರು ನೋಡಿ ನಿಂತಳು. ಆಸ್ಪತ್ರೆಯಲ್ಲಿ ಸೊಸೆಯ ಉಗುರೂ ಹೀಗೇ ಸುಣ್ಣದಂತೆ ಬೆಳ್ಳಗಿತ್ತು.

ಕೈ ತೊಳೆಯದೆ ಸೀದಾ ಪೂಂಗೊಡಿಯ ಮುಂದೆ ಹೋಗಿ ಆ ಬೆರಳನ್ನೇ ಚಾಚಿದಳು.

"ಬಾಯ್ಮುಚ್ಕೊಂಡು ಚುಚ್ಚಮ್ಮೀ. ನಕ್ಕೀಯಾ, ಜೋಕೆ!"