ಪೂರ್ವದ ಗೋಡೆಗೆ ಮುಖ

"ನೀನು ಬಾಯಿ ತೆಗೆಯೋದೇನೂ ಬೇಡ ತಾಯಿ. ಹೋದ ವರ್ಷದ ಹಾಗೆ ಸುಮ್ನೆ ಹಿಂದೆ ಕೂತ್ಕೋ," ಎಂದ ಮುಅಲ್ಲಿಮ್ ಬಖೀತ್, ಬಸ್ತಿಯ ಹಿರಿಯ.

'ಹೋದ ವರ್ಷದ ಹಾಗೆ' ಎಂಬ ಮಾತು ವದೀದಾಳಿಗೆ ಬರೆ ಎಳೆದಂತೆ ತಾಗಿತು.

ಕೈರೋದ ಕಸವನ್ನೆಲ್ಲ ಗುಡ್ಡದ ಬುಡಕ್ಕೆ ತಂದು ಆರಿಸುವ ಬಸ್ತಿ ಅದು. ತರುವವರು ಗಂಡಸರು, ಕುಕ್ಕರುಗಾಲಲ್ಲಿ ಕೂತು ಬರಿಗೈಯಲ್ಲಿ ಆರಿಸುವವರು ಹೆಂಗಸರು. ಕೆಳಗಿನ ಊರಿನಲ್ಲೊಂದು ಆಸ್ಪತ್ರೆ ಇತ್ತು. ಅದು ತನ್ನ ಸೂಜಿಗಳನ್ನು ಬೇರೆ ಡಬ್ಬಿಗೆ ಹಾಕಿ ಸುಡಿಸಬೇಕು. ಸುಡಿಸುವ ಗೋಜು ಯಾರಿಗೆ ಬೇಕು? ಹಳಸಲು ಅನ್ನ, ಕಿತ್ತಳೆ ಸಿಪ್ಪೆ ತುಂಬಿದ ಚೀಲದಲ್ಲೇ ತುರುಕಿ ಕಳಿಸುತ್ತಿತ್ತು. ವರ್ಷಕ್ಕೊಮ್ಮೆ ಆರೋಗ್ಯ ಇಲಾಖೆಯ ಸಾಹೇಬರು ಇಗರ್ಜಿಯ ಸಭಾಂಗಣಕ್ಕೆ ಬಂದು "ಯಾರದಾದ್ರೂ ದೂರಿದೆಯಾ?" ಎನ್ನುವರು. ಬಖೀತ್ ಎದ್ದು "ಎಲ್ಲ ಕ್ಷೇಮ" ಎನ್ನುವನು. 'ದೂರುಗಳಿಲ್ಲ' ಎಂಬ ಕಾಗದಕ್ಕೆ ಸಹಿ ಬೀಳುವುದು. ಸಹಿ ಬಿತ್ತೆಂದರೆ ಇನ್ನೊಂದು ವರ್ಷ ಅದೇ ಚೀಲ, ಅದೇ ಸೂಜಿ.

ಹೋದ ವರ್ಷ ವದೀದಾ ಎದ್ದು ನಿಂತಿದ್ದಳು. ಎದುರಿಗೆ ಅಷ್ಟೊಂದು ಮುಖ. ನಾಲಿಗೆ ಒಣಗಿದ ರೊಟ್ಟಿಯ ಹಾಗೆ ಅಂಗುಳಕ್ಕೆ ಅಂಟಿಕೊಂಡಿತು. ಯಾರೋ ಕಿಸಕ್ಕೆಂದರು. ಕೂತುಬಿಟ್ಟಳು. ಸಹಿ ಬಿತ್ತು. ನಲವತ್ತು ದಿನ ಕಳೆಯುವುದರೊಳಗೆ ಮಗಳು ಕತ್ರೀನಳ ಹೆಬ್ಬೆರಳಿಗೆ ಸೂಜಿ ಇಳಿಯಿತು. ಹತ್ತೊಂಬತ್ತರ ಹುಡುಗಿ; ಈಗ ಕಣ್ಣು ಹಳದಿ, ಮುಖ ತೊಳೆಯುವಷ್ಟರಲ್ಲಿ ಏದುಸಿರು.

"ಮನೇಲಿ ಹಂದಿಗಳಿಗೆ ಬೈಯುವಾಗ ಗುಡ್ಡಾನೇ ಅದುರುತ್ತೆ," ಈ ವರ್ಷದ ಸಭೆಯಲ್ಲಿ ಪಕ್ಕದಲ್ಲಿ ಕೂತಿದ್ದ ಉಮ್ಮ್ ಗರ್ಗಸ್ ಮೊಣಕೈಯಿಂದ ತಿವಿದಳು. ಇಪ್ಪತ್ತು ವರ್ಷದಿಂದ ಒಂದೇ ರಾಶಿಯ ಎದುರು ಕೂತು ಕಸ ಆರಿಸಿದ ಗೆಳತಿ. "ಇವರೇನು ಹಂದಿಗಿಂತ ಹೆಚ್ಚೇನೇ?"

"ಹಂದಿ ತಿರುಗಿ ನೋಡಲ್ಲ ಕಣೇ."

ಬೆಳಗ್ಗೆ ಪಾದ್ರಿ ಅಬೂನಾ ಬಿಸಂತಿಯವರ ಮುಂದೆಯೂ ಇದನ್ನೇ ತೋಡಿಕೊಂಡಿದ್ದಳು. ಮುಖ ಕಂಡರೆ ಮಾತು ಸಾಯುತ್ತದೆ ಎಂದಿದ್ದಳು.

"ದೇವರ ಹತ್ರ ಮಾತಾಡುವಾಗ?" ಎಂದು ಕೇಳಿದ್ದರು ಅವರು.

"ಅವನ ಹತ್ರ ಏನು ಹೆದರಿಕೆ ಅಬೂನಾ? ಎಷ್ಟೋ ಸಲ ಜಗಳಾನೂ ಆಡಿದ್ದೀನಿ."

"ಹಾಗಾದ್ರೆ ದಾರಿ ಅವನನ್ನೇ ಕೇಳು."

ಹೇಳುವುದು ಸುಲಭ ಎಂದುಕೊಂಡಿದ್ದಳು. ಆದರೂ ಈಗ ತಲೆವಸ್ತ್ರದ ಸೆರಗಿನ ಮರೆಯಲ್ಲಿ ಬೆರಳ ಗೆಣ್ಣು ಹಿಡಿದು 'ಸ್ವಾಮೀ ಕರುಣಿಸು' ಎಣಿಸುತ್ತಿದ್ದಳು. ನಲವತ್ತೊಂದು ಸಲ ಹೇಳಬೇಕು. ಹದಿನೇಳಕ್ಕೆ ಬರುವಷ್ಟರಲ್ಲಿ ಸಾಹೇಬರ ಪ್ರಶ್ನೆ ಮುಗಿದು ಬಖೀತ್ ಎದ್ದು, ನಿಲುವಂಗಿ ಸರಿಪಡಿಸಿಕೊಂಡು, ಎದೆಯ ಮೇಲೆ ಕೈಯಿಟ್ಟಿದ್ದ.

"ಎಲ್ಲ ಕ್ಷೇಮ ಸಾಹೇಬ್ರೆ. ನಿಮ್ಮ ದಯೆ."

ಸಾಹೇಬರು ಪೆನ್ನು ತೆಗೆದರು.

ಹದಿನೆಂಟು ಎನ್ನುತ್ತ ವದೀದಾ ಎದ್ದಳು. ಮುಖಗಳೆಲ್ಲ ತಿರುಗಿದವು. ಅದೇ ಒಣ ನಾಲಿಗೆ.

"ಏನಮ್ಮ?"

"ಅವಳಿಗೆ ಹುಷಾರಿಲ್ಲ ಸಾಹೇಬ್ರೆ," ಬಖೀತ್ ನಕ್ಕ. "ಕೂತ್ಕೋ ತಾಯಿ, ಕೂತ್ಕೋ."

ಸ್ವಾಮೀ, ಈ ಮುಖ ನೋಡ್ತಾ ನನ್ನಿಂದಾಗಲ್ಲ ಎಂದಳು ಮನಸ್ಸಿನಲ್ಲೇ. ಹಾಗಾದ್ರೆ ನೋಡಬೇಡ ಎಂದು ಯಾರೋ ಭುಜ ಹಿಡಿದು ತಿರುಗಿಸಿದಂತಾಯಿತು. ಸಭೆಗೆ ಬೆನ್ನು ಹಾಕಿ, ಪೂರ್ವದ ಗೋಡೆಗೆ ಮುಖ ಮಾಡಿ ಎರಡೂ ಕೈ ಮೇಲೆತ್ತಿದಳು. ಮಣಿಕಟ್ಟಿನ ಶಿಲುಬೆಯ ಹಚ್ಚೆ ಕಾಣುವ ಹಾಗೆ.

ಪ್ರಾರ್ಥನೆಗೆಂದು ಪೂರ್ವಕ್ಕೆ ಕೈಯೆತ್ತಿ ಒಬ್ಬರು ನಿಂತರೆ ಬಸ್ತಿಯಲ್ಲಿ ಮಿಕ್ಕವರು ಕೂತಿರುವ ಪದ್ಧತಿಯಿಲ್ಲ. ದಡಬಡ ಕುರ್ಚಿಗಳು ಸರಿದವು. ಬಖೀತನೂ ನಿಲ್ಲಬೇಕಾಯಿತು. ಸಾಹೇಬರು ಮಸೀದಿಗೆ ಹೋಗುವವರು. ಆದರೂ ಪ್ರಾರ್ಥನೆಯ ನಡುವೆ ಬಾಯಿ ಹಾಕುವಷ್ಟು ಸಂಸ್ಕಾರಗೆಟ್ಟವರಲ್ಲ. ಪೆನ್ನು ಕೆಳಗಿಟ್ಟರು.

"ಕೇಳಿಸ್ಕೋ ಸ್ವಾಮಿ," ಎಂದಳು ವದೀದಾ. ದನಿ ಮೊದಲು ಕೀರಲಾಗಿ ಬಂತು, ಆಮೇಲೆ ತನ್ನ ಜಾಗ ಹಿಡಿಯಿತು. "ನಾನು ಕತ್ರೀನಳ ತಾಯಿ. ಆಸ್ಪತ್ರೆಯೋರು ತಮ್ಮ ಕಸ ಗುಡಿಸೋರಿಗೆ ದಪ್ಪ ದಪ್ಪ ಕೈಗವಸು ಕೊಟ್ಟಿದ್ದಾರೆ. ಅಂದ್ರೆ ಸೂಜಿ ಚುಚ್ಚುತ್ತೆ ಅಂತ ಅವರಿಗೆ ಗೊತ್ತು! ಗೊತ್ತಿದ್ದೂ ಕಳಿಸ್ತಾರೆ. ನಮ್ಮ ಕೈ ಮಾಡಿದವನು ನೀನೇ ಅಲ್ವಾ? ಹಳೇ ಚಿಂದಿಯಲ್ಲಿ ಮಾಡಿದ್ದಾ? ಈ ವರ್ಷ ಹನ್ನೊಂದು ಹೆಂಗಸರಿಗೆ ಚುಚ್ಚಿದೆ. ಈ ಬಖೀತ್ ನಿನ್ನ ಮನೆಯಲ್ಲೇ ನಿಂತು ಎಲ್ಲ ಕ್ಷೇಮ ಅಂತಾನೆ. ಅವನ ಹೆಂಡತಿ ಕಸ ಆರಿಸಲ್ಲ. ಆಸ್ಪತ್ರೆಯಿಂದ ಆ ಚೀಲ ತರೋ ಗಾಡಿ ಅವನದೇ, ದುಡ್ಡೂ ಅವನಿಗೇ…"

"ಆಮೇನ್!" ಎಂದ ಬಖೀತ್, ಗೋಡೆ ಪ್ರತಿಧ್ವನಿಸುವ ಹಾಗೆ. "ಆಮೇನ್! ಮುಗೀತು, ಎಲ್ರೂ ಕೂತ್ಕೊಳ್ಳಿ."

"ಯಾರೋ ಅದು ನನ್ನ ಪ್ರಾರ್ಥನೆಗೆ ಆಮೇನ್ ಹಾಕಿದೋನು?" ವದೀದಾ ಗಿರಕ್ಕನೆ ತಿರುಗಿದಳು. "ನಂದಿನ್ನೂ ಮುಗಿದಿಲ್ಲ!"

ತಿರುಗಿದ ಮೇಲೆಯೇ ಗೊತ್ತಾದದ್ದು, ಮುಖಗಳೆಲ್ಲ ಎದುರಿಗೇ ಇವೆ ಎಂದು. ಹೆದರಿಕೆ ಎಲ್ಲಿಗೂ ಹೋಗಿರಲಿಲ್ಲ. ಸಿಟ್ಟಿಗೆ ಜಾಗ ಬಿಟ್ಟು ಹಿಂದಿನ ಸಾಲಿಗೆ ಸರಿದಿತ್ತು, ಅಷ್ಟೆ. ದೇವರೊಂದಿಗೆ ಶುರುವಾದ ಮಾತನ್ನು ಅವನ ಮುಂದೆ ಅರ್ಧಕ್ಕೆ ಬಿಡುವುದು ಹೇಗೆ?

"ಸಾಹೇಬ್ರೆ, ಹೋದ ವರ್ಷ ನಾನು ಬಾಯಿ ಮುಚ್ಚಿದ್ದೆ. ಅದು ನನ್ನ ತಪ್ಪು, ಅದನ್ನ ಮಗಳ ಮುಖದಲ್ಲಿ ದಿನಾ ನೋಡ್ತೀನಿ. ಈ ವರ್ಷ ಆ ಕಾಗದಕ್ಕೆ ಸಹಿ ಹಾಕಿದ್ರೆ ತಪ್ಪು ನಿಮ್ದು."

"ಹೆಂಗಸರ ಮಾತು ಸಾಹೇಬ್ರೆ, ಒಂದಕ್ಕೆ ಹತ್ತು ಸೇರಿಸ್ತಾರೆ," ಎಂದ ಬಖೀತ್.

"ಸೇರಿಸಿದ್ದಾ? ಎಣಿಸ್ಕೋ ಬಾರೋ," ಎಂದು ಉಮ್ಮ್ ಗರ್ಗಸ್ ಸೂಜಿ ಚುಚ್ಚಿದ್ದ ತನ್ನ ತೋರುಬೆರಳು ಎತ್ತಿ ಹಿಡಿದಳು. ಅವಳ ಹಿಂದೆ ಇನ್ನೊಂದು ಬೆರಳು, ಮತ್ತೊಂದು.

ಸಾಹೇಬರು ಆ ಬೆರಳುಗಳನ್ನು ನೋಡಿದರು. ಆಮೇಲೆ ಕಾಗದ ನೋಡಿದರು. 'ದೂರುಗಳಿಲ್ಲ' ಎಂಬ ಸಾಲಿನ ಮೇಲೆ ಒಂದು ಗೆರೆ ಎಳೆದರು.

"ಇದನ್ನ ಬರೆದುಕೊಡೋಕೆ ಆಗುತ್ತಾ ಅಮ್ಮ?"

"ನಂಗೆ ಅಕ್ಷರ ಬರಲ್ಲ. ನಾನು ಹೇಳ್ತೀನಿ, ನೀವು ಬರ್ಕೊಳ್ಳಿ. ಮೊದಲಿಂದ ಹೇಳ್ಲಾ?"

"ಹೇಳಿ. ನಿಧಾನಕ್ಕೆ."

ವದೀದಾ ಮೇಜಿನ ಹತ್ತಿರ ಹೋದಳು. ಕಾಗದಕ್ಕೆ ಜಾಗ ಮಾಡಲು ಸಾಹೇಬರು ತಾವು ಕುಡಿದು ಖಾಲಿ ಮಾಡಿಟ್ಟಿದ್ದ ನೀರಿನ ಬಾಟಲಿಯನ್ನು ಪಕ್ಕಕ್ಕೆ ತಳ್ಳಿದರು. ಕಸ ಆರಿಸುವ ರೂಢಿಗೆ ವದೀದಾಳ ಕೈ ತನ್ನಷ್ಟಕ್ಕೆ ಅದನ್ನು ಎತ್ತಿಕೊಂಡು ಮುಚ್ಚಳ ತಿರುಚಿತು. ಮುಚ್ಚಳ ಎಡ ಜೇಬಿಗೆ ಹೋಯಿತು, ಬಾಟಲಿ ಬಲ ಕಂಕುಳಿಗೆ.