ಬೇಡವೆಂದ ಮುಯ್ಯಿ

ನವೆಂಬರ್ ಅರ್ಧ ಕಳೆದಿತ್ತು. ದಕ್ಷಿಣ ಜಾರ್ಜಿಯಾದ ಆ ಬಯಲಿಗೆ ಹೆಪ್ಪುಗಟ್ಟುವ ಚಳಿ ಇನ್ನೂ ಇಳಿದಿರಲಿಲ್ಲ. ಇಳಿದರೆ ನಿಂತ ಕಬ್ಬೆಲ್ಲ ಹುಳಿ. ವರ್ಲೀನ್ ಮೋಬ್ಲಿ ಬೆಳಗಿನಿಂದ ಒಮ್ಮೆ ಆಕಾಶ ನೋಡುವುದು, ಒಮ್ಮೆ ಕೊಪ್ಪರಿಗೆಯ ನೊರೆ ತೆಗೆಯುವುದು, ಹೀಗೇ ನಡೆಸಿದ್ದಳು. ಆಲೆಮನೆಯ ಮುಂದೆ ಗಾಣ ತಿರುಗುತ್ತಿತ್ತು. ಅದನ್ನು ತಿರುಗಿಸುತ್ತಿದ್ದದ್ದು ಹಾಯ್ಟ್ ಲ್ಯಾನಿಯರನ ಟ್ರಾಕ್ಟರು. ಗಾಣಕ್ಕೆ ಬಿಗಿದ ಅದರ ಪಟ್ಟಿ ಪಟಪಟ ಎಂದಾಗಲೆಲ್ಲ ಅವಳು ಆ ಕಡೆ ತಿರುಗುತ್ತಿದ್ದಳು; ನೊರೆಯ ಜೊತೆ ಒಳ್ಳೆಯ ಕಬ್ಬಿನ ಹಾಲೂ ಹೊರಗೆ ಚೆಲ್ಲುತ್ತಿತ್ತು.

"ಅತ್ಗೆ, ನೊರೆ ತೆಗೀತಿದ್ದೀಯೋ ಹಂದಿಗೆ ಹಬ್ಬ ಮಾಡ್ತಿದ್ದೀಯೋ?" ಗಾಣಕ್ಕೆ ಕಬ್ಬು ಕೊಡುತ್ತಿದ್ದ ಮೈದುನ ಕ್ಲೀವ್ ಕೇಳಿದ.

"ನಿನ್ ಬೆರಳು ನೀನು ನೋಡ್ಕೊ."

ಗಾಣದ ಹಳೆಯ ಇಂಜಿನ್ನು ಕೆಟ್ಟು ಎರಡು ವಾರವಾಗಿತ್ತು. ಅವಳು ಯಾರ ಸಹಾಯವನ್ನೂ ಕೇಳಿರಲಿಲ್ಲ. ಮರುದಿನವೇ ಹಾಯ್ಟನ ಟ್ರಾಕ್ಟರು ಅಂಗಳದಲ್ಲಿತ್ತು. ಹಾಯ್ಟನಿಗೆ ಪೇಟೆಯಲ್ಲಿ ಬೀಜ, ಮೇವಿನ ಅಂಗಡಿ. ಊರಾಚೆ ಅಕ್ರೋಟಿನಂಥ ಪೀಕನ್ ಕಾಯಿಯ ತೋಟ. ರಾಜ್ಯದ ದೊಡ್ಡ ಕಾಲೇಜಿನ ಅಮೆರಿಕನ್ ಫುಟ್‌ಬಾಲ್ ತಂಡವೆಂದರೆ ಅವನಿಗೆ ಪ್ರಾಣ. ಶನಿವಾರ ಬಂತೆಂದರೆ ಅಂಗಡಿ ಮಗನಿಗೆ ಬಿಟ್ಟು ಕ್ರೀಡಾಂಗಣಕ್ಕೆ ಓಡುವವನು. ವರ್ಲೀನಳ ಮೊಮ್ಮಗ ಜರ್ವಿಸ್, ಎದುರಾಳಿಗಳ ಸಾಲನ್ನು ಗೋಡೆ ಕೆಡವಿದಂತೆ ಕೆಡವುವವನು, ಅದೇ ಕಾಲೇಜಿಗೆ ಬರುತ್ತೇನೆಂದು ಮಾತು ಕೊಟ್ಟಿದ್ದ. ಓದು, ಊಟ, ಕೋಣೆ ಎಲ್ಲದರ ಖರ್ಚೂ ಕಾಲೇಜಿನದೇ.

"ಹುಡುಗ ಮುನ್ನೂರು ಪೌಂಡ್ ತೂಗೋ ತನಕ ಹಾಯ್ಟ್‌ಗೆ ನಿನ್ ಮನೆ ದಾರಿ ಗೊತ್ತಿರ್ಲಿಲ್ಲ," ಎಂದು ಕ್ಲೀವ್ ಮೊದಲ ದಿನವೇ ನಕ್ಕಿದ್ದ. ಅವಳು ನಕ್ಕಿರಲಿಲ್ಲ.

ಹಿಂದಿನ ದಿನ ಕಾಲೇಜು ಆಟಗಳ ನಿಯಮ ಕಾಯುವ ಕ್ರೀಡಾಸಂಘದಿಂದ ಟೈ ಕಟ್ಟಿದ ಒಬ್ಬ ಬಂದಿದ್ದ. ಟ್ರಾಕ್ಟರಿನ ಸುತ್ತ ಒಂದು ಸುತ್ತು ಬಂದು, ಇದು ಯಾರದು ಎಂದ. ನೆರೆಯವರದು ಎಂದಳು. ಹಿಂದಿನ ವರ್ಷಗಳಲ್ಲೂ ಸಹಾಯಕ್ಕೆ ಬರುತ್ತಿದ್ದರೇ ಎಂದ. ಕಾಲೇಜಿನ ಅಭಿಮಾನಿಯೊಬ್ಬ ಹುಡುಗನ ಮನೆಗೆ ಉಪಕಾರ ಮಾಡಿದ್ದಾನೆಂದು ಯಾರೋ ದೂರಿದ್ದಾರಂತೆ. ನಿಜವಾದರೆ ಜರ್ವಿಸ್ ಆ ಕಾಲೇಜಿಗೆ ಆಡುವಂತಿಲ್ಲವಂತೆ; ಮೊದಲಿನಿಂದಲೂ ಬರುತ್ತಿದ್ದ ನೆರೆಯವನಾದರೆ ಅಡ್ಡಿಯಿಲ್ಲವಂತೆ.

"ಕೊಪ್ಪರಿಗೆ ಉಕ್ತಾ ಇದೆ. ಬುಧವಾರ ಬನ್ನಿ," ಎಂದು ಅವಳು ಬೆನ್ನು ತಿರುಗಿಸಿದ್ದಳು.

ಈಗ ಜರ್ವಿಸ್ ಕಬ್ಬಿನ ಹೊರೆ ಕೆಳಗೆ ಹಾಕಿ ಪಕ್ಕಕ್ಕೆ ಬಂದು ನಿಂತ. "ಅಜ್ಜಿ, ಮಿಸ್ಟರ್ ಹಾಯ್ಟ್ ವರ್ಷಾ ವರ್ಷಾ ಬರ್ತಾರೆ ಅಂದ್ಬಿಡು. ಅಷ್ಟೇ ತಾನೆ?"

"ನೆರೆಯೋನು ಅಂತ ಆಗ್ಲೇ ಅಂದಿದ್ದೀನಿ. ಹೌದೋ ಅಲ್ವೋ ಮೊದ್ಲು ನೋಡ್ಕೊಂಡ್ ಬರ್ತೀನಿ."

"ಅದನ್ನ ಹೇಗ್ ನೋಡ್ತೀಯ?"

ಅವಳು ಮತ್ತೆ ನೊರೆ ತೆಗೆಯತೊಡಗಿದಳು. ಆ ಸೀಮೆಯಲ್ಲಿ ಒಬ್ಬರ ಮನೆಗೆ ಆಳು ಬಂದರೆ ಆ ಮನೆಯಿಂದ ಮುಯ್ಯಾಳು ಹೋಗಬೇಕು. ಎಂಥ ಜಿಪುಣನೂ, ಎಂಥ ಸಿರಿವಂತನೂ ಮುಯ್ಯಿ ಬೇಡವೆನ್ನುವುದಿಲ್ಲ. ಬೇಡವೆಂದರೆ ನಿನ್ನ ನನ್ನ ನಡುವೆ ನೆರೆತನವಿಲ್ಲ ಎಂದಂತೆ.

ಮರುದಿನ ಬೆಳಿಗ್ಗೆ ಕ್ಲೀವನನ್ನೂ ಕರೆದುಕೊಂಡು ಹಾಯ್ಟನ ತೋಟಕ್ಕೆ ಹೋದಳು. ಕಾಯಿ ನೆಲದ ತುಂಬ ಉದುರಿತ್ತು. ಆಳು ಸಿಗದೆ ಅರ್ಧ ಕಾಗೆಗಳ ಪಾಲಾಗುತ್ತಿದೆಯೆಂದು ಹಾಯ್ಟ್ ಚರ್ಚಿನ ಬಾಗಿಲಲ್ಲೂ ಗೋಳಾಡಿದ್ದ. ಇಬ್ಬರೂ ಬಗ್ಗಿ ಆಯತೊಡಗಿದರು. ಚೀಲ ಕಾಲು ಭಾಗ ತುಂಬುವಷ್ಟರಲ್ಲಿ ಹಾಯ್ಟ್ ಓಡಿಬಂದ.

"ಅಯ್ಯೋ, ವರ್ಲೀನಮ್ನೋರೇ, ಏಳಿ ಏಳಿ. ಇದೇನ್ ಮಾಡ್ತಿದ್ದೀರಿ?"

"ನಿಮ್ ಟ್ರಾಕ್ಟರ್ ಎರಡು ವಾರ ದುಡೀತು, ಮಿಸ್ಟರ್ ಹಾಯ್ಟ್. ನಾವೂ ದುಡಿದು ತೀರಿಸ್ತೀವಿ."

"ಏನೂ ತೀರಿಸ್ಬೇಕಾಗಿಲ್ಲ."

"ಕಾಯಿ ಹಾಳಾಗ್ತಿದೆ. ನಿಮ್ಗೆ ಆಳು ಬೇಕು ತಾನೆ?"

"ಬೇಕು, ಆದ್ರೆ ನಿಮ್ಮಿಂದ ಬೇಡ," ಹಾಯ್ಟ್ ಟೋಪಿ ತೆಗೆದು ಹಾಕಿಕೊಂಡ. "ನೀವ್ಯಾಕೆ ಸೊಂಟ ನೋಯಿಸ್ಕೋತೀರಿ? ಹುಡ್ಗ ನಮ್ ಕಾಲೇಜಿಗೆ ಆಡ್ಲಿ ಸಾಕು, ನಂಗೆಲ್ಲ ಬಂದಂಗೆ."

ವರ್ಲೀನ್ ನಿಧಾನವಾಗಿ ಸೊಂಟ ನೆಟ್ಟಗೆ ಮಾಡಿದಳು. "ಅವ್ನು ಬೇರೆ ಕಡೆ ಆಡಿದ್ರೆ?"

"ಬೇರೆ ಕಡೆ ಯಾಕ್ ಹೋಗ್ತಾನೆ?" ಎಂದು ಅವನು ನಗುತ್ತ ಕ್ಲೀವನ ಕಡೆ ನೋಡಿದ. ಕ್ಲೀವ್ ಮರದ ತುದಿ ನೋಡುತ್ತಿದ್ದ. ಹಾಯ್ಟನ ನಗು ಬಾಯಲ್ಲೇ ಉಳಿಯಿತು.

"ಕೇಳ್ದೆ ಅಷ್ಟೆ," ಎಂದು ಅವಳು ಚೀಲವನ್ನು ಅವನ ರಾಶಿಗೆ ಸುರಿದು ಹೊರಟಳು.

ಮನೆಗೆ ಬಂದವಳೇ ಟ್ರಾಕ್ಟರಿನ ಪಟ್ಟಿ ಬಿಚ್ಚಿಸಿದಳು. ಗಾಣ ನಿಂತಿತು. ಅರ್ಧ ಕಬ್ಬು ಹೊಲದಲ್ಲೇ ಇತ್ತು. ಜರ್ವಿಸ್ ಓಡಿಬಂದ.

"ಯಾಕಜ್ಜಿ?"

"ಮುಯ್ಯಿ ತಗೊಳ್ಳಲ್ಲ ಅಂದ. ಅದು ನೆರೆಯೋನ ಟ್ರಾಕ್ಟರ್ ಅಲ್ಲ ಮಗಾ, ನಿನ್ ಮೇಲೆ ಕೊಟ್ಟ ಮುಂಗಡ."

"ನನ್ನ ಕೇಳಿದ್ಯಾ? ನಾನ್ ಮಾತು ಕೊಟ್ಟಿದ್ದೀನಿ ಅಲ್ಲಿಗೆ. ನೀನು ಒಂದು ಸುಳ್ಳು ಹೇಳಿದ್ರೆ ನಿನ್ ಬಾಯಿ ಸವೀತಿತ್ತಾ?"

"ಒಂದಕ್ಕೆ ನಿಲ್ಲಲ್ಲ. ಇವತ್ತು ನಾನು ಹೇಳ್ತೀನಿ, ನಾಳೆ ನಿನ್ ಕೈಲಿ ಹೇಳಿಸ್ತಾರೆ. ಆಮೇಲೆ ಹಾಯ್ಟ್ ಕರೆದಾಗೆಲ್ಲ ಎದ್ದು ಹೋಗ್ಬೇಕು."

ಅವನು ಊಟಕ್ಕೆ ಬರಲಿಲ್ಲ. ಕತ್ತಲಾಗುವವರೆಗೂ ಕಬ್ಬು ಕಡಿಯುವ ಸದ್ದು ಕೇಳಿಸುತ್ತಿತ್ತು. ನಿಂತ ಗಾಣಕ್ಕೆ ಯಾಕೆ ಕಡಿಯುತ್ತಾನೆಂದು ಅವಳು ಕೇಳಲೂ ಇಲ್ಲ, ನಿದ್ದೆಯನ್ನೂ ಮಾಡಲಿಲ್ಲ.

ಬುಧವಾರ ಟೈ ಕಟ್ಟಿದವನು ಬಂದಾಗ ಅವಳು ಬಾಯಿ ತೆರೆಯುವ ಮೊದಲೇ ಜರ್ವಿಸ್ ಮೆಟ್ಟಿಲಿಳಿದು ಬಂದು ನಿಂತ.

"ಆ ಟ್ರಾಕ್ಟರ್ ಮುಂಚೆ ಯಾವತ್ತೂ ಬಂದಿರ್ಲಿಲ್ಲ ಸಾರ್. ಈ ವರ್ಷವೇ ಮೊದ್ಲು."

ಬಂದವನು ಹುಡುಗನ ಕಡೆ ತಿರುಗಿದ. "ಇದರಿಂದ ಏನಾಗುತ್ತೆ ಅಂತ ಗೊತ್ತಲ್ವಾ? ಆ ಕಾಲೇಜಿನ ಬಾಗಿಲು ಮುಚ್ಚಿದ ಹಾಗೆ. ಬೇರೆಯವರು ಕರೀತಾರೋ ಇಲ್ವೋ ನಾನು ಹೇಳಲಾರೆ."

"ಗೊತ್ತು," ಎಂದ ಜರ್ವಿಸ್. ಅವನು ಅಜ್ಜಿಯ ಕಡೆ ನೋಡಲಿಲ್ಲ.

"ಆ ಉಪಕಾರ ನೀವು ತೀರಿಸಿದ್ದೀರಾ, ಅಮ್ಮಾ?"

"ತೀರಿಸೋಕೆ ಹೋಗಿದ್ದೆ," ಎಂದಳು ವರ್ಲೀನ್. "ತಗೊಳ್ಳಲಿಲ್ಲ. ಹಂಗೇ ಇದೆ."